ಹೋಗುವವರ ಸದ್ದು

ನನ್ನ ಗಂಡನ ಒಳಗಿನ ಸದ್ದನ್ನು ನಾನು ಮೊದಲು ಕೇಳಿದ್ದು ಹಾಸನದ ಹೊರಗಿನ ಒಂದು ಪ್ರಯೋಗಾಲಯದಲ್ಲಿ. ಬೆಳಗಿನ ಇಡ್ಲಿ ಇನ್ನೂ ಗಂಟಲಿನಿಂದ ಕೆಳಗಿಳಿದಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ ಈ ಮನುಷ್ಯನ ಗೊರಕೆ, ಕೆಮ್ಮು, ಬಸದಿಯಲ್ಲಿ ತಾಳ ತಪ್ಪಿ ಹೇಳುವ ಸ್ತೋತ್ರ ಎಲ್ಲವನ್ನೂ ಕೇಳಿದ್ದೆ. ಇನ್ನು ಕೇಳುವುದಕ್ಕೆ ಏನೂ ಉಳಿದಿಲ್ಲ ಅಂದುಕೊಂಡಿದ್ದೆ.

ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆದ ಕೋಣೆ ಅದು. ಬಾಗಿಲು ಹಾಕಿದರೆ ನಮ್ಮ ಉಸಿರೇ ನಮಗೆ ಜೋರಾಗಿ ಕೇಳುತ್ತಿತ್ತು. ಪರದೆಯ ಆಚೆ ಮಂಚದ ಮೇಲೆ ಇವರು, ಧರಣೇಂದ್ರ, ಮೈಮೇಲೆ ಒಂದು ಸಣ್ಣ ಬಿಲ್ಲೆ ಅಂಟಿಸಿಕೊಂಡು ಮಲಗಿದ್ದರು. ಈಚೆ ನಾನು, ಡಾಕ್ಟರ್ ಜೆಸಿಂತಾ, ಮತ್ತು ‘ಆಲಿಕೆ’ ಅನ್ನುವ ಆ ಯಂತ್ರ. ಬಿಲ್ಲೆ ಈರುಳ್ಳಿ ಸಿಪ್ಪೆಯಷ್ಟು ತೆಳು ಅಂತ ಡಾಕ್ಟರು ವಿವರಿಸಿದರು. ನಾವು ಜೈನರು, ನಮ್ಮ ಅಡುಗೆಮನೆಗೆ ಈರುಳ್ಳಿ ಬರುವುದಿಲ್ಲ. ಆದರೂ ಅರ್ಥವಾಯಿತು.

ಜೀವಕೋಶ ಸುಮ್ಮನೆ ಕೂರುವುದಿಲ್ಲವಂತೆ, ಸದಾ ನಡುಗುತ್ತಿರುತ್ತದಂತೆ. ಒಂದು ಎರಡಾಗುವಾಗ ಒಂದು ಬಗೆಯ ನಡುಕ, ಸಾಯುವಾಗ ಇನ್ನೊಂದು ಬಗೆ. ಬಿಲ್ಲೆ ಆ ನಡುಕವನ್ನು ಹಿಡಿಯುತ್ತದೆ, ಕಂಪ್ಯೂಟರು ಅದನ್ನು ನಮ್ಮ ಕಿವಿಗೆ ನಿಲುಕುವಷ್ಟು ದೊಡ್ಡದು ಮಾಡುತ್ತದೆ. ಅಷ್ಟೇ ಅದರ ವಿದ್ಯೆ. ಗಂಡಸಿನಲ್ಲಿ ವೀರ್ಯಾಣು ಬೆಳೆಯುವ ಕೊಳವೆಗಳ ಮೇಲೆ ಅದನ್ನಿಟ್ಟರೆ ಒಳಗೆ ಎಷ್ಟು ಹುಟ್ಟುತ್ತಿವೆ, ಎಷ್ಟು ಸಾಯುತ್ತಿವೆ ಅಂತ ಕುಳಿತಲ್ಲೇ ಕೇಳಬಹುದು.

ನಾನು ಇಯರ್‌ಫೋನ್ ಹಾಕಿಕೊಂಡೆ. ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಚಟಪಟ, ಚಟಪಟ. ಅದರ ಹಿಂದೆ ಎಲ್ಲೋ ದೂರದಲ್ಲಿ ಮೆತ್ತಗಿನ ಇನ್ನೇನೋ ಇತ್ತು, ಆದರೆ ಈ ಗದ್ದಲದಲ್ಲಿ ಅದು ಸರಿಯಾಗಿ ಕೇಳಿಸಲಿಲ್ಲ.

“ಇವೆಲ್ಲ ಸಾಯ್ತಾ ಇರುವವು. ಬಿಸಿಗೆ ಒಡೆದು ಹೋಗ್ತಾ ಉಂಟು,” ಅಂದರು ಡಾಕ್ಟರು. ಅವರು ಮಂಗಳೂರಿನವರು. “ಆ ಜಾಗ ಮೈಗಿಂತ ತಂಪಾಗಿರಬೇಕು ಅಂತಲೇ ದೇವರು ಅದನ್ನು ಹೊರಗೆ ಇಟ್ಟದ್ದು ಮಾರಾಯ್ರೆ. ಇವರು ದಿನವಿಡೀ ಕುಲುಮೆ ಎದುರು ಕೂತರೆ ಅವು ಬದುಕುವುದು ಹೇಗೆ?”

ನಮ್ಮದು ಬೆಳಗೊಳದಲ್ಲಿ ಎರಕದ ಕೆಲಸ. ಹಿತ್ತಾಳೆಯ ದೀಪ, ಗಂಟೆ, ಅಂಗೈಯಗಲದ ಜಿನಬಿಂಬ. ಇವರ ತಂದೆ ಪಾಯಣ್ಣನವರು ಕಲಿಸಿದ ವಿದ್ಯೆ ಅದು. ಕುಲುಮೆಯ ಎದುರು ಇಪ್ಪತ್ತು ವರ್ಷ ಕೂತವರ ಒಳಗೆ ಬಾಣಲೆ ಸದ್ದು ಕೇಳದೆ ಇನ್ನೇನು ಕೇಳೀತು?

ಪರದೆಯ ಆಚೆಯಿಂದ ಇವರು ಕೇಳಿದರು: “ಡಾಕ್ಟ್ರೇ, ನಂಗೂ ಕೇಳಿಸ್ತೀರಾ?”

ಕೇಳಿಸಬಾರದಿತ್ತು. ಇವರು ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವವರಲ್ಲ. ಎಷ್ಟೋ ಜೈನರ ಮನೆಗಳಲ್ಲಿ ಈಗ ಫಿಲ್ಟರ್ ಬಂದಿದೆ. ಇವರು ಮಾತ್ರ ಇವತ್ತಿಗೂ ಬಿಳಿ ಬಟ್ಟೆ ಮಡಚಿ ಸೋಸಿ, ಆಮೇಲೆ ಬಟ್ಟೆಯನ್ನು ಮಗುಚಿ ಹಿಡಿದು ಮೇಲೆ ನೀರು ಬಿಟ್ಟು, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಟ್ಟು ಬರುವವರು. ಅಂಥವರು ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ತೆಗೆದಾಗ ಮುಖ ಬಿಳಿಚಿತ್ತು.

“ಇಷ್ಟೊಂದಾ?” ಅಂದರು.

ಡಾಕ್ಟರು ಎರಡು ಮಾತು ಹೇಳಿದರು. ಕುಲುಮೆಯ ಕೆಲಸ ಬೇರೆಯವರಿಗೆ ಒಪ್ಪಿಸಿ ಇವರು ಮೇಣದ ಅಚ್ಚು ಮಾಡುವುದಕ್ಕೆ ಕೂರಬೇಕು. ಜೊತೆಗೆ ಮೂರು ತಿಂಗಳು ‘ಕಾಪು’ ಅನ್ನುವ ಗುಳಿಗೆ ನುಂಗಬೇಕು. ಪ್ರತಿ ಕೋಶದೊಳಗೂ ಸಾವಿನ ಕತ್ತರಿಗಳಿರುತ್ತವಂತೆ, ವೇಳೆ ಬಂದಾಗ ಕೋಶ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದಂತೆ. ಕಾಪು ಆ ಕತ್ತರಿಗಳಿಗೆ ಬೀಗ ಹಾಕುತ್ತದೆ. ಏಟು ತಿಂದ ಕೋಶಗಳು ಸುಧಾರಿಸಿಕೊಳ್ಳುವವರೆಗೆ ಮಾತ್ರ.

ಇವರು ಎದ್ದು ಹೊರಡುವಾಗ ಒಂದು ಪ್ರಶ್ನೆ ಹಾಕಿದರು. ಪರೀಕ್ಷೆಗೆ ಕೊಟ್ಟ ಮಾದರಿಯಲ್ಲಿ ಉಳಿದದ್ದನ್ನು ಏನು ಮಾಡುತ್ತೀರಿ ಅಂತ. “ಚೆಲ್ಲುವುದು, ಇನ್ನೇನು?” ಅಂದರು ಡಾಕ್ಟರು. ಬಂದ ಜಾಗಕ್ಕೇ ಮರಳಿ ಬಿಡುವುದಕ್ಕೆ ಏನಾದರೂ ದಾರಿ ಇದೆಯಾ ಅಂತ ಇವರು ವಿನಯದಿಂದ ಕೇಳಿದರು. ಡಾಕ್ಟರು ನನ್ನ ಮುಖ ನೋಡಿದರು, ನಾನು ಗೋಡೆಯ ಮೆತ್ತೆ ನೋಡಿದೆ.

ಆ ವರ್ಷ ಆಲಿಕೆ ಊರೂರಿಗೂ ಬಂತು. ಮೊದಮೊದಲು ಗಂಡಸರು ಮುಖ ಮುಚ್ಚಿಕೊಂಡು ಹೋಗುತ್ತಿದ್ದರು. ಆಮೇಲೆ ನಾಚಿಕೆ ಎಲ್ಲಿಗೋ ಹಾರಿಹೋಯಿತು. ಹೋಟೆಲಿನ ಬೆಂಚಿನ ಮೇಲೆ ಕೂತು “ನಂದು ತುಂಬಾ ಶಾಂತ ಕಣಯ್ಯ, ನಿಂದು ಹೆಂಗೆ?” ಅಂತ ವಿಚಾರಿಸಿಕೊಳ್ಳುವವರೆಗೆ ಬಂತು. ಹೆಣ್ಣು ಕೇಳುವವರು ಜಾತಕದ ಜೊತೆ ಹುಡುಗನ ಸದ್ದಿನ ಫೈಲನ್ನೂ ಕಳಿಸತೊಡಗಿದರು. ನನ್ನ ಚಿಕ್ಕಮ್ಮ ಒಬ್ಬನ ಫೈಲು ಕೇಳಿ, “ಗದ್ದಲ ಜಾಸ್ತಿ, ಬೇಡ” ಅಂತ ಸಂಬಂಧವನ್ನೇ ಬಿಟ್ಟಳು. ಕಾಪು ಗುಳಿಗೆಯೂ ಯಾವ ಮೆಡಿಕಲ್ ಶಾಪಿನಲ್ಲಿ ಕೇಳಿದರೂ ಸಿಗುತ್ತಿತ್ತು. ಸಾವು ಕಡಿಮೆಯಾದಷ್ಟೂ ಗಂಡಸುತನ ಹೆಚ್ಚು ಅಂತ ಜನ ತೀರ್ಮಾನ ಮಾಡಿಬಿಟ್ಟಿದ್ದರು. ಕೇಳುವುದಕ್ಕೆ ಸರಿಯಾಗಿಯೇ ಇತ್ತು, ನಾನೂ ನಂಬಿದ್ದೆ.

ಮೂರು ತಿಂಗಳಾದ ಮೇಲೆ ಮತ್ತೆ ಹೋದೆವು. ಚಟಪಟ ಪೂರಾ ನಿಂತಿತ್ತು. ಡಾಕ್ಟರಿಗೆ ಖುಷಿಯೋ ಖುಷಿ. “ಇನ್ನು ಗುಳಿಗೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಸ್ವಲ್ಪ ಸದ್ದು ಬರ್ತದೆ, ಹೆದರಬೇಡಿ. ಅದು ಎಲ್ಲ ಗಂಡಸರಲ್ಲೂ ಇರುವಂಥದ್ದು. ಹುಟ್ಟಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಾವಾಗಿಯೇ ಹೋಗ್ತವೆ, ಹೋಗಬೇಕು,” ಅಂದರು.

ಮನೆಗೆ ಬಂದ ಮೇಲಿನ ದಿನಗಳನ್ನು ನೆನೆದರೆ ಈಗಲೂ ಯಾವುದೋ ನಿದ್ದೆಯೊಳಗೆ ನಡೆದ ಹಾಗೆ ಅನಿಸುತ್ತದೆ. ಇವರು ಒಂದು ಸಣ್ಣ ಆಲಿಕೆಯನ್ನು ಬಾಡಿಗೆಗೆ ತಂದಿದ್ದರು. ಸಂಜೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಹಿತ್ತಿಲ ಕಲ್ಲಿನ ಮೇಲೆ ಕೂತು ಕಿವಿಗೆ ಹಾಕಿಕೊಳ್ಳುತ್ತಿದ್ದರು. ಎದುರಿಗೆ ದೊಡ್ಡ ಬೆಟ್ಟ ನಿಧಾನವಾಗಿ ಬಣ್ಣ ಕಳೆದುಕೊಳ್ಳುತ್ತಿತ್ತು. ಕೊಳದ ಮೇಲಿನ ಗಾಳಿಗೆ ಅಂಗಳದ ಬಟ್ಟೆಗಳು ಆಡುತ್ತಿದ್ದವು. ಮೊದಲ ಕೆಲವು ದಿನ ಇವರ ಮುಖ ಬಾಡಿತ್ತು. ಆಮೇಲೆ ಒಂದು ದಿನದಿಂದ ತಿಳಿಯಾಯಿತು.

“ಏನು ಕೇಳ್ತಿದೆ?” ಅಂದೆ.

“ಏನೂ ಇಲ್ಲ. ಕೊಳದ ನೀರಿನ ಹಾಗಿದೆ,” ಅಂದರು.

ನಾನೂ ಕೇಳಿದೆ. ಚಳಿಗಾಲದ ಬೆಳಗ್ಗೆ ಬೆಟ್ಟದ ಮೇಲೆ ನಿಂತ ಹಾಗಿತ್ತು, ಅಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಒಂದು ಮಗು ಕಾಯುತ್ತಿದೆ ಅಂತ ನನಗೆ ಖಾತ್ರಿಯಾಗಿತ್ತು. ಹುಡುಗಿಯಾದರೆ ಏನು ಹೆಸರು ಅಂತಲೂ ಯೋಚಿಸಿಬಿಟ್ಟಿದ್ದೆ. ನನಗೆ ಮೂವತ್ತೆಂಟು ತುಂಬಿತ್ತು. ಬೇರೆಯವರ ಮನೆಯ ನಾಮಕರಣಕ್ಕೆ ತೊಟ್ಟಿಲು ತೂಗಿ ತೂಗಿ ನನಗೆ ಸಾಕಾಗಿತ್ತು.

ಆರು ತಿಂಗಳಾಯಿತು. ಏನೂ ಆಗಲಿಲ್ಲ. ಮತ್ತೆ ಪ್ರಯೋಗಾಲಯಕ್ಕೆ ಹೋದೆವು. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಮಾದರಿಯಲ್ಲಿ ಬಲಿತ ವೀರ್ಯಾಣು ಒಂದೂ ಇರಲಿಲ್ಲ. ಮೊದಲಾದರೂ ಅಲ್ಲೊಂದು ಇಲ್ಲೊಂದು ಇದ್ದವು. ಈಗ ಅವೂ ಇಲ್ಲ.

ಇವರನ್ನು ಸ್ಕ್ಯಾನಿಂಗಿಗೆ ಕಳಿಸಿ, ಡಾಕ್ಟರು ನನ್ನನ್ನು ಯಂತ್ರದ ಮುಂದೆ ಕೂರಿಸಿ ಕಂಪ್ಯೂಟರಿನ ಪರದೆಯ ಮೇಲೆ ಇವರ ಒಳಗಿನ ಕೋಶಗಳ ಚಿತ್ರ ತೋರಿಸಿದರು.

“ಇವು ದಾದಿ ಕೋಶಗಳು. ಎಳೆಯ ಕೋಶಗಳನ್ನು ಮಡಿಲಲ್ಲಿಟ್ಟುಕೊಂಡು ಸಾಕುವವರು ಇವರೇ. ಒಬ್ಬ ದಾದಿಗೆ ಇಷ್ಟೇ ಮಕ್ಕಳು ಅಂತ ಲೆಕ್ಕ ಉಂಟು. ಹೆಚ್ಚು ಹುಟ್ಟಿದವು, ಕುಂದು ಇದ್ದವು ತಾವಾಗಿ ಜಾಗ ಬಿಡ್ತವೆ. ಆಗ ಉಳಿದವಕ್ಕೆ ಊಟ ಸಿಗ್ತದೆ, ಅವು ದೊಡ್ಡದಾಗ್ತವೆ. ಇಲ್ಲಿ ನೋಡಿ, ಯಾರೂ ಜಾಗ ಬಿಡ್ಲೇ ಇಲ್ಲ. ಬಸ್ಸಿನಲ್ಲಿ ಯಾರೂ ಇಳಿಯದೆ ಪ್ರತಿ ಸ್ಟಾಪಲ್ಲೂ ಹತ್ತಿದ ಹಾಗೆ. ಎಲ್ಲರೂ ಇದ್ದಾರೆ, ಒಬ್ಬರೂ ಬೆಳೆದಿಲ್ಲ. ದಾದಿಯರು ಸುಸ್ತಾಗಿದ್ದಾರೆ. ಇನ್ನು ನಾಲ್ಕೈದು ತಿಂಗಳು ಹೀಗೇ ಇದ್ದರೆ ಅವರೂ ಸತ್ತಾರು. ದಾದಿ ಸತ್ತರೆ ಮತ್ತೆ ಹುಟ್ಟುವುದಿಲ್ಲಮ್ಮ. ಆಮೇಲೆ ನಾನು ಏನೂ ಮಾಡಲಿಕ್ಕೆ ಆಗುವುದಿಲ್ಲ.”

“ಯಾಕೆ ಹೀಗಾಯ್ತು?”

“ಅದೇ ನನಗೂ ಗೊತ್ತಾಗ್ತಾ ಇಲ್ಲ. ಗುಳಿಗೆ ನಿಲ್ಲಿಸಿ ಆರು ತಿಂಗಳಾಯ್ತಲ್ಲ.”

ನನಗೆ ಹಿತ್ತಿಲ ಕಲ್ಲಿನ ಮೇಲೆ ಒಮ್ಮೆ ಬಾಡಿ ಆಮೇಲೆ ತಿಳಿಯಾದ ಆ ಮುಖ ನೆನಪಾಯಿತು. ಇವರು ಸುಳ್ಳು ಹೇಳುವವರಲ್ಲ. ಆದರೆ ಕೇಳಿದರೆ ತಾನೆ ಹೇಳುವುದು? ನಾನಾಗಲಿ ಡಾಕ್ಟರಾಗಲಿ ಕೇಳಿರಲೇ ಇಲ್ಲ.

ಚನ್ನರಾಯಪಟ್ಟಣದ ಹತ್ತಿರ ಕಾರು ನಿಲ್ಲಿಸಿ ಎಳನೀರು ಕುಡಿಯುವಾಗ ಕೇಳಿದೆ. “ರೀ, ಕಾಪು ನಿಲ್ಲಿಸಿದೀರಾ?”

“ನಿಲ್ಲಿಸಿದ್ದೆ. ನಾಲ್ಕು ದಿನ. ಮತ್ತೆ ಸದ್ದು ಶುರುವಾಯ್ತು ಮತಿ. ತಡಕೊಳ್ಳೋಕೆ ಆಗಲಿಲ್ಲ. ಮತ್ತೆ ತಗೊಂಡೆ. ಇವತ್ತೂ ತಗೊಂಡಿದೀನಿ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾರೊಳಗೆ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಒದರಿದೆ. ದಾದಿಯರು, ಬಸ್ಸು, ನಾಲ್ಕೈದು ತಿಂಗಳು. “ನಂಗೆ ಮಗು ಬೇಕು ಕಣ್ರೀ. ಬೇಕು ಅಂದ್ರೆ ಬೇಕು. ಒಂಬತ್ತು ವರ್ಷದಿಂದ ಬಾಯಿಬಿಟ್ಟು ಹೇಳಿಲ್ಲ, ಈಗ ಹೇಳ್ತಿದೀನಿ. ಕಣ್ಣಿಗೆ ಕಾಣದೋರನ್ನ ಉಳಿಸೋಕೆ ಹೋಗಿ ನನ್ನ ಮಗೂನ ಬರದ ಹಾಗೆ ಮಾಡ್ತಿದೀರಲ್ಲ!”

ಇವರು ತಲೆತಗ್ಗಿಸಿ ಕೂತಿದ್ದರು. ಮಾತಿನಲ್ಲಿ ಗೆಲ್ಲುತ್ತೇನೆ ಅಂತ ನಾನು ಇವರ ಕೆಲಸದಿಂದಲೇ ಒಂದು ಉದಾಹರಣೆ ಎತ್ತಿದೆ. ಮಣ್ಣಿನ ಅಚ್ಚಿನೊಳಗಿನ ಮೇಣ ಕರಗಿ ಹಿತ್ತಾಳೆಗೆ ಜಾಗ ಬಿಟ್ಟು ಹೋಗದೆ ಬಿಂಬ ಬರುತ್ತದೆಯೇ ಅಂದೆ. ಬಹಳ ಚೆನ್ನಾಗಿ ಹೇಳಿದೆ ಅನಿಸಿತು.

“ಮೇಣಕ್ಕೆ ಜೀವ ಇಲ್ಲ ಮತಿ,” ಅಂದರು. ಮೆಲ್ಲಗೆ ಸೇರಿಸಿದರು, “ನಂಗೂ ಮಗು ಬೇಕು. ನಿನ್ನಷ್ಟೇ ಬೇಕು. ಗೊತ್ತಿಲ್ಲದೆ ಹೋಗ್ತಿದ್ರೆ ಬೇರೆ ಮಾತು. ಕೇಳಿಸ್ಕೊಂಡ ಮೇಲೆ ಹೆಂಗೆ ಸುಮ್ನಿರ್ಲಿ? ಉಳಿಸೋಕೆ ಗುಳಿಗೆ ಕೈಯಲ್ಲೇ ಇದೆ. ಬಾಯಿಗೆ ಹಾಕಿಕೊಳ್ಳದಿದ್ರೆ ಕೊಂದ ಹಾಗಲ್ವಾ?”

ಆ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು.

ಆಮೇಲಿನ ದಿನಗಳಲ್ಲಿ ಮನೆ ನೀರಿನೊಳಗೆ ಮುಳುಗಿದ ಹಾಗಿತ್ತು. ನಾನು ಬಡಿಸುತ್ತಿದ್ದೆ, ಇವರು ಉಣ್ಣುತ್ತಿದ್ದರು. ಇವರು ಮೇಣದಲ್ಲಿ ಒಂದು ಪುಟ್ಟ ಬಿಂಬದ ಮುಖ ತಿದ್ದುತ್ತ ಕೂತರೆ ಮಧ್ಯಾಹ್ನ ಕಳೆದುಹೋಗುತ್ತಿತ್ತು. ಮನೆಯಲ್ಲೂ ಸದ್ದಿಲ್ಲ, ಇವರೊಳಗೂ ಸದ್ದಿಲ್ಲ. ಒಂದು ಮಧ್ಯಾಹ್ನ ಕಣ್ಣು ಹತ್ತಿದಾಗ ಕನಸು ಬಿತ್ತು. ದೊಡ್ಡ ಬೆಟ್ಟದ ಮೆಟ್ಟಿಲುಗಳ ತುಂಬ ಎಳೆ ಮಕ್ಕಳು. ಒಂದರ ಪಕ್ಕ ಒಂದು, ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿವೆ. ಯಾವುದೂ ಅಳುತ್ತಿಲ್ಲ, ಯಾವುದೂ ಮೇಲೆ ಹತ್ತುತ್ತಿಲ್ಲ. ಹತ್ತಲು ಮೆಟ್ಟಿಲೇ ಖಾಲಿ ಇರಲಿಲ್ಲ. ಎದ್ದಾಗ ದಿಂಬು ಒದ್ದೆಯಾಗಿತ್ತು.

ನಾನೇ ಡಾಕ್ಟರಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. “ಛೆ, ಇದು ನನಗೆ ಹೊಳೀಲೇ ಇಲ್ಲ ನೋಡಿ,” ಅಂದರು. “ಒಮ್ಮೆ ಕರ್ಕೊಂಡು ಬನ್ನಿ. ಅವರು ಆ ಸದ್ದನ್ನು ಪೂರ್ತಿ ಕೇಳಿಲ್ಲ.”

ಅದೇ ಮೆತ್ತೆಯ ಕೋಣೆ. ಈ ಸಲ ಮೂವರೂ ಕಿವಿಗೆ ಹಾಕಿಕೊಂಡೆವು. ಡಾಕ್ಟರು ಮೊದಲ ದಿನ ಹಿಡಿದಿಟ್ಟಿದ್ದ ಇವರದೇ ಸದ್ದಿನ ದಾಖಲೆಯಿಂದ ಎರಡು ಕೋಶಗಳನ್ನು ಮಾತ್ರ ಬೇರ್ಪಡಿಸಿ, ಅವುಗಳ ಸದ್ದನ್ನು ಬಹಳ ನಿಧಾನ ಮಾಡಿ ಇಟ್ಟಿದ್ದರು.

ಮೊದಲನೆಯದು ಬಿಸಿಗೆ ಸತ್ತದ್ದು. ಒಂದೇ ಏಟಿಗೆ ಒಡೆಯಿತು. ಒಡೆದ ಮೇಲೆ ಅಕ್ಕಪಕ್ಕದಲ್ಲೆಲ್ಲ ಕಿರಿಕಿರಿ, ನರಳಿದ ಹಾಗೆ ಏನೇನೋ. “ಇದು ಕೊಲೆ. ಇದನ್ನು ನಾವು ನಿಲ್ಲಿಸಿ ಆಯ್ತು,” ಅಂದರು ಡಾಕ್ಟರು. “ಈಗ ಇದನ್ನು ಕೇಳಿ.”

ಎರಡನೆಯದು ಶುರುವಾಗಿದ್ದೇ ನನಗೆ ತಿಳಿಯಲಿಲ್ಲ. ಅಷ್ಟು ಮೆತ್ತಗೆ. ಡಾಕ್ಟರು ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದರು. ಈಗ ಪಕ್ಕದವರನ್ನು ಹಿಡಿದುಕೊಂಡಿದ್ದ ಕೈ ಬಿಡಿಸಿಕೊಳ್ಳುತ್ತಿದೆ. ಈಗ ಒಳಗಿನ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದೆ. ಈಗ ತನ್ನ ಸಾಮಾನನ್ನೆಲ್ಲ ಸಣ್ಣ ಸಣ್ಣ ಗಂಟು ಕಟ್ಟುತ್ತಿದೆ. ಇದು ಹೊರಗೋಡೆಯ ಮೇಲೆ ಒಂದು ಗುರುತು ಇಡುವ ಸದ್ದು, ನಾನು ಹೊರಟೆ ಅಂತ ದಾದಿಗೆ ಸೂಚನೆ. ದಾದಿ ಬಂದು ಗಂಟುಗಳನ್ನು ತೆಗೆದುಕೊಳ್ಳುತ್ತಾಳೆ, ಅದೇ ಮುಂದೆ ಉಳಿದವರ ಊಟಕ್ಕಾಗುತ್ತದೆ. ಒಂದು ಹನಿಯೂ ಹೊರಗೆ ಚೆಲ್ಲುವುದಿಲ್ಲ. ಪಕ್ಕದವರಿಗೆ ಒಂದು ಗೀರೂ ಬೀಳುವುದಿಲ್ಲ. ಹಳೆಯ ಹತ್ತಿ ಸೀರೆಯನ್ನು ಯಾರೋ ಮಡಿಸಿ ಮಡಿಸಿ ಇಡುತ್ತಿರುವ ಹಾಗೆ ಕೇಳುತ್ತಿತ್ತು. ಕೊನೆಗೆ ಅದೂ ನಿಂತಿತು.

ಇವರು ಇಯರ್‌ಫೋನ್ ತೆಗೆಯಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು.

“ಅಪ್ಪ,” ಅಂದರು.

ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ನಾನು ಈ ಮನೆಗೆ ಸೊಸೆಯಾಗಿ ಬಂದ ಮರುವರ್ಷ ಮಾವ ಸಲ್ಲೇಖನ ವ್ರತ ಹಿಡಿದರು. ವಯಸ್ಸಾಗಿತ್ತು, ಗುಣವಾಗದ ಕಾಯಿಲೆ ಹಿಡಿದಿತ್ತು. ಗುರುಗಳ ಅಪ್ಪಣೆ ಕೇಳಿ ಮೊದಲು ಅನ್ನ ಬಿಟ್ಟರು, ಆಮೇಲೆ ಹಾಲು, ಆಮೇಲೆ ಮಜ್ಜಿಗೆ. ಕೈಗಡಿಯಾರ ಬಿಚ್ಚಿ ಮಗನಿಗೆ ಕೊಟ್ಟರು. ಕನ್ನಡಕ ಪಕ್ಕದ ಮನೆಗೆ ಹೋಯಿತು. ಬಂದವರ ಬಳಿಯೆಲ್ಲ ಕೈಮುಗಿದು ತಪ್ಪಾಗಿದ್ದರೆ ಕ್ಷಮಿಸಿ ಅಂದರು. ಇಪ್ಪತ್ತು ವರ್ಷ ಜಗಳವಾಡಿದ್ದ ಹಾಲಿನವನನ್ನೂ ಕರೆಸಿ ಕ್ಷಮೆ ಕೇಳಿದಾಗ, ಆ ಮನುಷ್ಯ ಅಂಗಳದಲ್ಲೇ ಕೂತುಬಿಟ್ಟಿದ್ದ. ದಿನವೂ ಒಂದೊಂದು ಎಳೆ ಬಿಡಿಸಿಕೊಂಡರು. ಕೊನೆಗೆ ನೀರೂ ಬಿಟ್ಟರು.

“ಚಿಕ್ಕಪ್ಪ ನರ್ಸನ್ನ ಕರ್ಕೊಂಡು ಬಂದಿದ್ರು, ಡ್ರಿಪ್ ಹಾಕ್ಸೋಕೆ,” ಇವರು ಡಾಕ್ಟರಿಗೆ ಹೇಳುತ್ತಿದ್ದರು. “ನಾನೇ ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಬಿಡಲಿಲ್ಲ. ಕರುಳು ಕಿತ್ತು ಬರ್ತಿತ್ತು, ಆದ್ರೂ ಬಿಡಲಿಲ್ಲ. ಸಿದ್ಧವಾಗಿ ಹೊರಟೋರನ್ನ ಹಿಡಿದು ನಿಲ್ಲಿಸೋದು ದಯೆ ಅಲ್ಲ ಡಾಕ್ಟ್ರೇ, ಹಿಂಸೆ. ಅವತ್ತು ನಂಗೆ ಅದು ಗೊತ್ತಿತ್ತು. ನನ್ನೊಳಗಿನ ಇವರ ವಿಷಯದಲ್ಲಿ ನಾನೇ ಆ ಡ್ರಿಪ್ ಹಿಡ್ಕೊಂಡು ನಿಂತೆನಲ್ಲ. ಗಂಟು ಕಟ್ಕೊಂಡು ಕೂತೋರನ್ನ ಆರು ತಿಂಗಳು ಹೋಗೋಕೆ ಬಿಡಲಿಲ್ಲ.”

ಡಾಕ್ಟರು ಕೆಮ್ಮಿದರು. “ನೋಡಿ, ಕೋಶಕ್ಕೆ ವ್ರತ ಗಿತ ಎಲ್ಲ ಇಲ್ಲ. ಅದು ಪ್ರೋಟೀನಿನ ಕೆಲಸ. ನಾನು ವಿಜ್ಞಾನ ಕಲಿತವಳು, ಇಷ್ಟು ಹೇಳಲೇಬೇಕು.”

“ಹೇಳಿ. ತಪ್ಪಿಲ್ಲ,” ಅಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, ಆ ಕೋಣೆಯಲ್ಲಿ, ಡಾಕ್ಟರ ಎದುರಿಗೇ, ಎರಡೂ ಕೈ ಜೋಡಿಸಿದರು. “ನಿನ್ನ ಹತ್ರಾನೂ ಕೇಳ್ಬೇಕು ಮತಿ. ತಪ್ಪಾಯ್ತು.” ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ. ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು.

ಅವತ್ತಿನಿಂದ ಗುಳಿಗೆ ನಿಂತಿತು. ಕೋಶಗಳು ಬೆಳೆದು ಬಲಿಯುವುದಕ್ಕೆ ಎರಡೂವರೆ ತಿಂಗಳು ಬೇಕಂತೆ. ದಾದಿಯರು ಉಳಿದಿದ್ದಾರೋ ಇಲ್ಲವೋ ಅಂತ ಡಾಕ್ಟರೂ ಖಾತ್ರಿಯಾಗಿ ಹೇಳಲಿಲ್ಲ. ಸಂಜೆ ಹಿತ್ತಿಲಲ್ಲಿ ನಾವಿಬ್ಬರೂ ಒಂದೊಂದು ಕಿವಿಗೆ ಹಾಕಿಕೊಂಡು ಕೂರುತ್ತಿದ್ದೆವು. ಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಸಂಜೆ ಮೆತ್ತಗೆ ಒಬ್ಬರು ಹೊರಟರು. ಹಿಂದೆಯೇ ಇನ್ನೊಬ್ಬರು. ಸಾವಿನ ಸದ್ದು ಕೇಳಿ ಸಂತೋಷಕ್ಕೆ ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸು ನಮ್ಮೂರಿನಲ್ಲಿ ನಾನೊಬ್ಬಳೇ ಇರಬೇಕು. ಇವರು ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದರು, ಹೋಗುವವರ ಕಿವಿಗೆ ಮಾತ್ರ ಬೀಳಲಿ ಅನ್ನುವಷ್ಟು ಸಣ್ಣ ದನಿಯಲ್ಲಿ.

ಅಲ್ಲಿಂದ ಏಳನೆಯ ತಿಂಗಳಿಗೆ ನಾನು ಬಸಿರಾದೆ.

ಒಂಬತ್ತನೆಯ ವಾರಕ್ಕೆ ಡಾಕ್ಟರು ನನ್ನನ್ನು ಮಂಚದ ಮೇಲೆ ಮಲಗಿಸಿ ಬಿಲ್ಲೆಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. ಈ ಸಲ ಈಚೆ ಕೂತವರು ಇವರು. ಎದೆಬಡಿತ ಕೇಳಿ ಮುಖ ಅರಳಿತು. ಆಮೇಲೆ ಹುಬ್ಬು ಗಂಟಾಯಿತು. ಇನ್ನೊಂದು ಇಯರ್‌ಫೋನ್ ಹಾಕಿಕೊಂಡಿದ್ದ ನನಗೂ ಕೇಳಿಸಿತು. ಓಡುವ ಆ ಬಡಿತದ ಹಿಂದೆ ಅದೇ ಮೆತ್ತಗಿನ ಮಡಚುವ ಸದ್ದು. ಒಬ್ಬರಲ್ಲ, ಹಲವರು ಒಟ್ಟಿಗೆ ಹೋಗುತ್ತಿದ್ದರು.

“ಡಾಕ್ಟ್ರೇ, ಮಗು...” ಅಂದೆ.

“ಹೆದರಬೇಡಿ,” ಡಾಕ್ಟರು ಬಿಲ್ಲೆಯನ್ನು ಒಂದು ಕೂದಲೆಳೆಯಷ್ಟು ಸರಿಸಿದರು. “ಇದು ಮಗುವಿನ ಕೈ. ಮೊದಲು ಅದು ಸಟ್ಟುಗದ ಹಾಗೆ ಒಂದೇ ಇರ್ತದೆ, ಬೆರಳು ಬೇರೆ ಬೇರೆ ಇರುವುದಿಲ್ಲ. ನಡುವೆ ಇದ್ದವರು ಈಗ ಹೋಗ್ತಾ ಇದ್ದಾರೆ. ಅವರು ಹೋದರೇ ಬೆರಳು ಬಿಡಿಸಿಕೊಳ್ಳುವುದು.”

ಇವರು ಮಂಚದ ಪಕ್ಕ ಬಂದು ನಿಂತರು. ನನ್ನ ಕೈ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ನಡುವಿನ ಖಾಲಿ ಜಾಗವನ್ನು ಮೊದಲ ಸಲ ಕಾಣುತ್ತಿರುವ ಹಾಗೆ ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲಿ ತಮ್ಮ ಬೆರಳುಗಳನ್ನಿಟ್ಟು ಹಿಡಿದುಕೊಂಡರು. ಸದ್ದು ನಿಲ್ಲುವವರೆಗೂ ಬಿಡಲಿಲ್ಲ.